ಎಡಸುತ್ತು ತಿರುಗಿದ ಎರಡು ಮೋಟರು

ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಮೋಟರು ಉಲ್ಟಾ ತಿರುಗುತ್ತದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಗೊತ್ತಿರುವ ವಿಜ್ಞಾನ ಇದೊಂದೇ. ಇದೂ ಗೊತ್ತಿಲ್ಲದಿದ್ದರೆ ಆ ಭಾನುವಾರ ನಮ್ಮ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಬಿದ್ದು ಬಿದ್ದು ನಗುತ್ತಲೂ ಇರಲಿಲ್ಲ ಅನ್ನಿ.

ಈ ವಿದ್ಯೆ ನನಗೆ ಸಿಕ್ಕಿದ್ದು ಹಿಟ್ಟಿನ ಮಿಲ್ಲಿನಲ್ಲಿ. ಚಾಮರಾಜಪೇಟೆಯಲ್ಲಿ ನಮ್ಮದೇ ಒಂದು ಮಿಲ್ಲಿತ್ತು. ಕೆಳಗೆ ಮಿಲ್ಲು, ಮೇಲೆ ಮನೆ. ಒಂದು ದಿನ ಕರೆಂಟಿನವರು ಕಂಬ ಹತ್ತಿ ಏನೋ ಸರಿಮಾಡಿ ಹೋದರು. ನಾನು ಸ್ವಿಚ್ಚು ಹಾಕಿದರೆ ಕಲ್ಲು ತಿರುಗಿಸುವ ಪಟ್ಟಾ ಎಡಗಡೆಗೆ ಓಡುತ್ತಿದೆ! ಕಲ್ಲು ಕಾದ ಹೆಂಚಿನ ಹಾಗೆ ಬಿಸಿಯಾಯಿತು, ರಾಗಿ ರಾಗಿಯಾಗಿಯೇ ಕೆಳಗೆ ಬಿತ್ತು. ಯಜಮಾನರು ಅಕ್ಕಿಪೇಟೆಗೆ ಹೋಗಿದ್ದರು. ಎದುರಿಗೆ ಡಬ್ಬಿ ಹಿಡಿದ ಹೆಂಗಸರ ಸಾಲು. ಮೊದಲೊಮ್ಮೆ ಮೆಕ್ಯಾನಿಕ್ಕು ಮಾಡಿದ್ದನ್ನು ಕಣ್ಣಲ್ಲಿ ನೋಡಿಟ್ಟುಕೊಂಡಿದ್ದೆ. ಮೇನು ತೆಗೆದೆ, ಮೂರರಲ್ಲಿ ಎರಡು ವೈರನ್ನು ಅಲ್ಲಿಂದಿಲ್ಲಿಗೆ ಹಾಕಿದೆ, ಮೇನು ಕೊಟ್ಟೆ. ಪಟ್ಟಾ ಬಲಕ್ಕೆ ಓಡಿತು. ಸಾಲಿನಲ್ಲಿದ್ದ ಒಬ್ಬ ಮೇಷ್ಟರ ಹೆಂಡತಿ, “ಪ್ರದಕ್ಷಿಣೆ ಹಾಕೋ ದಿಕ್ಕಿಗೆ ತಿರುಗಿದ್ರೇನೇ ಕಣ್ರೀ ಯಾವ್ದಾದ್ರೂ ನೆಟ್ಟಗಾಗೋದು” ಎಂದರು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಅದು ಕೂರಬಾರದಿತ್ತು.

ಈಗ ಮಿಲ್ಲಿಲ್ಲ. ಜನ ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತರುತ್ತಾರೆ. ಯಂತ್ರ ಹೋಯಿತು, ಯಾರಿಂದಲೂ ಎತ್ತಲಾಗದ ಕಲ್ಲೊಂದು ಮೂಲೆಯಲ್ಲಿ ಉಳಿಯಿತು. ಆ ಖಾಲಿ ಕೋಣೆಯನ್ನು ನಮ್ಮ ಮೊಮ್ಮಗಳು ಹಿಡಿದುಕೊಂಡಿದ್ದಾಳೆ. ಮಗನ ಮಗಳು. ಇಪ್ಪತ್ತನಾಲ್ಕು ವರ್ಷ. ವಾರವೆಲ್ಲ ಲಿಫ್ಟು ರಿಪೇರಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಮಧ್ಯಾಹ್ನ ಬಂದವಳೇ ಷಟರ್ ಎತ್ತಿ ಒಳಗೆ ಹೊಕ್ಕರೆ ಮತ್ತೆ ಸೋಮವಾರವೇ ಅವಳ ಮುಖ ಪೂರ್ತಿ ಕಾಣುವುದು. ಒಳಗೆ ಅವಳ ಡ್ರೋನು ಇದೆ. ನಾಲ್ಕು ಕೈ, ನಾಲ್ಕು ಮೋಟರು, ನಾಲ್ಕು ರೆಕ್ಕೆ. ಸೊಪ್ಪಿನ ಬುಟ್ಟಿಯಷ್ಟು ಅಗಲ. ಅವಳೇ ಬಿಡಿಬಿಡಿಯಾಗಿ ತಂದು ಜೋಡಿಸಿದ್ದು.

ಅದರ ಹೊಟ್ಟೆಯಲ್ಲಿ ನಿಪ್ಪಟ್ಟಿಗಿಂತ ಚಿಕ್ಕದೊಂದು ಬೋರ್ಡು. ಅದಕ್ಕೆ ತುಂಬುವ ಬುದ್ಧಿಗೆ ಫರ್ಮ್‌ವೇರು ಎನ್ನುತ್ತಾರೆ. ಯಾವ ಮೋಟರು ಎಷ್ಟು ಜೋರಾಗಿ ತಿರುಗಬೇಕು ಎಂದು ಆ ಬುದ್ಧಿ ಸೆಕೆಂಡಿಗೆ ಸಾವಿರಾರು ಸಲ ಯೋಚಿಸುತ್ತದಂತೆ. ನಾನು ಒಂದೇ ಒಂದು ಸಲ ಯೋಚಿಸಿದ್ದರೆ ಸಾಕಿತ್ತು.

ಆ ಬುದ್ಧಿಯನ್ನು ಬರೆಯುವವರು ಒಂದೂರಿನವರಲ್ಲ. ಪ್ರಪಂಚದ ಮೂಲೆಮೂಲೆಯಲ್ಲಿ ಕೂತು, ಸಂಬಳವಿಲ್ಲದೆ, ತಮ್ಮ ಸಂತೋಷಕ್ಕೆ ಬರೆದು ಸೇರಿಸುತ್ತಾರೆ. ಸಂತರ್ಪಣೆಯ ದಿನ ಕೇರಿಯವರೆಲ್ಲ ಬಂದು ಒಬ್ಬರು ಕುಂಬಳಕಾಯಿ ಹೆಚ್ಚಿ, ಒಬ್ಬರು ತೆಂಗಿನಕಾಯಿ ತುರಿದು ಕೊಡುವುದಿಲ್ಲವೇ, ಹಾಗೆ. ನಮ್ಮ ಹುಡುಗಿ ಆರು ತಿಂಗಳು ಕೂತು ಒಂದು ಭಾಗ ಬರೆದಿದ್ದಳು. ಅದೇನು ಎಂದು ಕೇಳಿದಾಗ ನನಗೆ ಅರ್ಥವಾಗುವ ಹಾಗೆ ಹೇಳಿದಳು: “ಮೋಟರ್ ತಿರುಗ್ದಾಗ ಮೈಯೆಲ್ಲಾ ನಡುಗತ್ತಲ್ಲ ಅಜ್ಜಿ, ಆ ನಡುಕದಲ್ಲಿ ಡ್ರೋನ್ ನಿಜವಾಗ್ಲೂ ವಾಲಿದ್ಯಾ ಇಲ್ವಾ ಅಂತ ಬೋರ್ಡಿಗೆ ಗೊತ್ತಾಗಲ್ಲ. ನಡುಕಾನ ಸೋಸಿ ಬಿಸಾಕೋದಕ್ಕೆ ಒಂದು ಜರಡಿ ಬರ್ದಿದೀನಿ. ಹಳೇ ಜರಡಿಗಿಂತ ಬೇಗ ಸೋಸತ್ತೆ.” ಜರಡಿ ಎಂದ ಮೇಲೆ ಮುಗಿಯಿತು. ನನಗೆ ಅದು ನಮ್ಮ ಮನೆತನದ ಕೆಲಸವೇ ಎನ್ನಿಸಿತು.

ಆದರೆ ಆ ಸಂತರ್ಪಣೆಯವರು ಸುಲಭಕ್ಕೆ ಒಪ್ಪುವವರಲ್ಲ. ಅದರಲ್ಲೂ ಯಾವುದೋ ಚಳಿ ದೇಶದ ಒಬ್ಬ, ‘ಕಾಗದದ ಮೇಲೆ ಚೆನ್ನಾಗಿದೆ, ಗಾಳಿಯಲ್ಲಿ ನಿಲ್ಲುವುದಿಲ್ಲ’ ಎಂದು ಪದೇ ಪದೇ ಬರೆಯುತ್ತಿದ್ದ. ನಾನು ಅವನಿಗೆ ಗೊಣಗಪ್ಪ ಎಂದು ಹೆಸರಿಟ್ಟಿದ್ದೆ. ಹೊಸ ಫರ್ಮ್‌ವೇರಿಗೆ ಅವರು ಬಾಗಿಲು ಹಾಕುವುದು ಭಾನುವಾರ ಸಂಜೆ ಆರು ಗಂಟೆಗೆ. ಅಷ್ಟರೊಳಗೆ ನಿಜವಾದ ಡ್ರೋನನ್ನು ಹಾರಿಸಿ ಆ ಹಾರಾಟದ ದಾಖಲೆ ಕಳಿಸಿದರೆ ಇವಳ ಜರಡಿ ಒಳಗೆ. ಇಲ್ಲವಾದರೆ ಆರು ತಿಂಗಳ ಕೆಲಸ ಹೊರಗೆ.

ಶನಿವಾರ ಸಂಜೆ ಹೊಸ ಬುದ್ಧಿಯನ್ನು ಬೋರ್ಡಿಗೆ ತುಂಬಿದಳು. ಮೊದಲ ಪರೀಕ್ಷೆ ರೆಕ್ಕೆಯಿಲ್ಲದೆ ನಡೆಯಬೇಕು. ಅದಕ್ಕೊಂದು ಪಟ್ಟಿ ಮಾಡಿದ್ದಳು, ಕ್ಯಾಲೆಂಡರಿನ ಹಿಂಬದಿಯಲ್ಲಿ, ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ. ನಾನು ಓದಬೇಕು, ಅವಳು ಮುಟ್ಟಿ ನೋಡಿ ಉತ್ತರ ಹೇಳಬೇಕು. ನನಗೂ ಒಂದು ಕೆಲಸ ಬೇಕು ಎಂದು ಹಟ ಹಿಡಿದು ಗಿಟ್ಟಿಸಿಕೊಂಡ ಹುದ್ದೆ ಅದು.

“ರೆಕ್ಕೆ ನಾಲ್ಕೂ ಬಿಚ್ಚಿದೆಯಾ?”

“ಬಿಚ್ಚಿದೀನಿ.”

“ಬ್ಯಾಟರಿ ತುಂಬಿದೆಯಾ?”

“ತುಂಬಿದೆ.”

“ಮಧ್ಯಾಹ್ನದ ಮೊಸರನ್ನ ಪೂರ್ತಿ ತಿಂದೆಯಾ?”

“ಅಜ್ಜೀ, ಅದು ಲಿಸ್ಟಲ್ಲಿಲ್ಲ.”

“ನಾನು ಸೇರ್ಸಿದೀನಿ. ಹೇಳ್ದೆ ಮುಂದಕ್ಕೆ ಹೋಗಲ್ಲ.”

“ಅರ್ಧ ತಿಂದೆ. ಮುಂದಕ್ಕೆ ಹೋಗಿ ಸಾಕು.”

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ನಕ್ಕರು. ಅವರಿಗೆ ಕಿವಿ ಮಂದ. ಆದರೆ ನನ್ನನ್ನು ಯಾರಾದರೂ ಗದರಿದರೆ ಮಾತ್ರ ಎಷ್ಟು ದೂರವಿದ್ದರೂ ಕೇಳಿಸುತ್ತದೆ.

ಅವಳು ಒಂದೊಂದು ಮೋಟರಿನ ತಲೆಗೂ ಚೂರು ಟೇಪು ಅಂಟಿಸಿ, ಒಂದಾದ ಮೇಲೊಂದು ಮೆಲ್ಲಗೆ ತಿರುಗಿಸಿದಳು. ಟೇಪು ಯಾವ ಕಡೆ ಸುತ್ತುತ್ತದೆ ಎಂದು ಬಗ್ಗಿ ನೋಡಿದಳು. “ಸರಿಯಾಗಿದೆ” ಎಂದು ಬರೆದುಕೊಂಡಳು. ನಾನೂ ಬಗ್ಗಿದೆ. ಎರಡು ಮೋಟರು ಬಲಸುತ್ತು. ಇನ್ನೆರಡು? ಎಡಸುತ್ತು! ಹೊಸ ಬುದ್ಧಿ ತುಂಬಿದ ಮೇಲೆ ಎರಡು ಮೋಟರು ಉಲ್ಟಾ ತಿರುಗುತ್ತಿವೆ. ಪಾಪ, ಹುಡುಗಿಗೆ ಗೊತ್ತಾಗಿಲ್ಲ, ಸರಿಯಾಗಿದೆ ಎನ್ನುತ್ತಿದ್ದಾಳೆ. ವಾರವೆಲ್ಲ ದುಡಿದ ಕಣ್ಣು, ಕಾಣದೆ ಹೋಗಿದೆ.

ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮಗುವಿಗೆ ಅವಮಾನ ಎಂದುಕೊಂಡೆ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಗುಟ್ಟಾಗಿ ನಾನೇ ಸರಿಮಾಡಿ, ನಾಳೆ ಅದು ಅಚ್ಚುಕಟ್ಟಾಗಿ ಹಾರಿದಾಗ ಮೂಲೆಯಲ್ಲಿ ನಿಂತು ಒಳಗೊಳಗೇ ಬೀಗಬೇಕು ಎಂಬ ಆಸೆ. ಎಷ್ಟೋ ವರ್ಷದ ಮೇಲೆ ನನ್ನ ವಿದ್ಯೆಗೆ ಕೆಲಸ ಬಂದಿತ್ತು ನೋಡಿ.

ಭಾನುವಾರ ಬೆಳಿಗ್ಗೆ ಮಗ ಸೊಸೆ ಮದುವೆಗೆಂದು ಮಲ್ಲೇಶ್ವರಕ್ಕೆ ಹೋದರು. ಮೊಮ್ಮಗಳು ಇನ್ನೂ ಮಲಗಿದ್ದಳು. ನಾನು ಕೆಳಗಿಳಿದು ಷಟರನ್ನು ಅರ್ಧ ಎತ್ತಿ ಒಳಗೆ ನುಸುಳಿದೆ. ಬ್ಯಾಟರಿ ಹಾಕಿಲ್ಲ ಎಂದು ಮೊದಲು ನೋಡಿಕೊಂಡೆ. ಮಿಲ್ಲಿನವಳು ಕರೆಂಟಿದ್ದಾಗ ಕೈ ಹಾಕುವುದಿಲ್ಲ. ಒಂದೊಂದು ಮೋಟರಿಂದಲೂ ಮೂರು ವೈರು ಬಂದಿವೆ! ಅದನ್ನು ನೋಡಿ ನನಗೆ ತವರಿನವರನ್ನು ಕಂಡಷ್ಟು ಖುಷಿಯಾಯಿತು. ತುದಿಗೆ ಚಿನ್ನದ ಬಣ್ಣದ ಪಿನ್ನು, ಒಂದರೊಳಗೊಂದು ಕೂರುತ್ತದೆ. ಓಲೆಯ ತಿರುಪು ಬಿಚ್ಚುವುದಕ್ಕಿಂತ ಸುಲಭ. ಎಡಸುತ್ತಿನ ಎರಡು ಮೋಟರಿಗೂ ಎರಡೆರಡು ವೈರು ಅದಲುಬದಲು ಮಾಡಿದೆ. ಕೊನೆಗೆ ನಾಲ್ಕು ಕೈಗೂ ಚಿಟಿಕೆ ಕುಂಕುಮ.

ಹಿಂದಿನಿಂದ ಯಜಮಾನರ ದನಿ ಬಂತು. “ಏನೇ ಮಾಡ್ತಿದೀಯಾ ಅಲ್ಲಿ?”

“ಧೂಳು ಒರೆಸ್ತಿದೀನಿ ಕಣ್ರೀ.”

“ಬಟ್ಟೆ ಎಲ್ಲಿ?”

“ಸೆರಗಿಲ್ವಾ?”

ಅವರು ನನ್ನನ್ನೂ ಡ್ರೋನನ್ನೂ ಒಂದು ಸಲ ನೋಡಿ, ಏನೂ ಹೇಳದೆ ಪೇಪರ್ ಬಿಚ್ಚಿದರು. ಐವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವಾಗ ಸುಮ್ಮನಿರಬೇಕು ಎಂದು ಗೊತ್ತಿರುತ್ತದೆ.

ಮಧ್ಯಾಹ್ನ ಮೂರಕ್ಕೆ ನಿಜವಾದ ಪರೀಕ್ಷೆ. ಕೋಣೆಯ ನಡುವೆ ಕ್ರಿಕೆಟ್ ಅಭ್ಯಾಸದ ಬಲೆ ಕಟ್ಟಿದ್ದಳು. ಬಲೆಯಾಚೆ ಡ್ರೋನು, ಈಚೆ ನಾವು ಮೂವರು. ಡ್ರೋನಿನ ಹೊಟ್ಟೆಗೆ ಒಂದು ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬೀಸುವ ಕಲ್ಲಿಗೆ ಬಿಗಿದಿದ್ದಳು, ಮೊಣಕಾಲೆತ್ತರಕ್ಕಿಂತ ಮೇಲೆ ಹೋಗದ ಹಾಗೆ. ತುಂಟ ಕರುವನ್ನು ಗೂಟಕ್ಕೆ ಕಟ್ಟಿದಂತಿತ್ತು. ಅವಳ ಮುಖ ಬಿಗಿದುಕೊಂಡಿತ್ತು. ನಾನು ಪಟ್ಟಿ ಹಿಡಿದು ಶುರುಮಾಡಿದೆ.

“ರೆಕ್ಕೆ ಭದ್ರವಾಗಿದೆಯಾ?”

“ಇದೆ.”

“ಹುರಿ ಬಿಗಿಯಾಗಿದೆಯಾ?”

“ಇದೆ. ಇದೇನಜ್ಜಿ, ಕುಂಕುಮ?”

“ಲಿಸ್ಟಲ್ಲಿಲ್ಲದ್ದನ್ನ ಕೇಳ್ಬಾರ್ದು. ಮೋಟರು ಸರಿಯಾದ ದಿಕ್ಕಿಗೆ ತಿರುಗುತ್ತಿದೆಯಾ?”

“ನಿನ್ನೆ ನೋಡಿದೀನಲ್ಲ, ಸರಿಯಾಗಿದೆ.”

ನಾನು ತುಟಿ ಕಚ್ಚಿ ನಗು ತಡೆದೆ. ನಿನ್ನೆ ಎಲ್ಲಿ ಸರಿಯಿತ್ತೇ ಹುಚ್ಚಿ, ಇವತ್ತು ಸರಿಯಿರುವುದು ಎಂದುಕೊಂಡೆ.

ಅವಳು ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಮೋಟರುಗಳು ಗುಂಯ್ ಎಂದವು. ಡ್ರೋನು ಎದ್ದೇಳಬೇಕು ತಾನೇ? ಅದು ಮೈಮೇಲೆ ಬಂದವರ ಹಾಗೆ ಒಮ್ಮೆ ಗಡಗಡ ನಡುಗಿ, ಒಂದು ಮಗ್ಗುಲಿಗೆ ಮಗುಚಿ, ನೆಲಕ್ಕೆ ಪಟಪಟ ಹೊಡೆದುಕೊಂಡಿತು. ರೆಕ್ಕೆಯ ಚೂರು ಬಲೆಗೆ ಬಂದು ಬಡಿಯಿತು. ಅದರ ಗಾಳಿಗೆ ತೊಲೆಯ ಮೇಲೆ ವರ್ಷಗಟ್ಟಲೆ ಕೂತಿದ್ದ ಹಿಟ್ಟೆಲ್ಲ ಎದ್ದು ಸುರಿಯಿತು. ರಾಗಿ, ಗೋಧಿ, ಮೂಲೆಯಿಂದ ಒಂದಿಷ್ಟು ಮೆಣಸಿನಪುಡಿ ಕೂಡ. ಮೂವರೂ ಒಟ್ಟಿಗೆ ಸೀನಿದೆವು.

ಯಜಮಾನರು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ, “ಮಿಲ್ಲು ಮತ್ತೆ ಶುರುವಾಯ್ತೇನಮ್ಮ?” ಎಂದರು.

ಅವಳು ನಗಲಿಲ್ಲ. ಹೊಸ ರೆಕ್ಕೆ ಹಾಕಿದಳು. ಲ್ಯಾಪ್‌ಟಾಪಿನಲ್ಲಿ ಏನೋ ಅಂಕಿ ತಿದ್ದಿದಳು. ಎರಡನೇ ಸಲ ಕಡ್ಡಿ ತಳ್ಳಿದಳು. ಮತ್ತೆ ಗಡಗಡ, ಮತ್ತೆ ಮಗುಚು, ಮತ್ತೆ ರೆಕ್ಕೆ ಚೂರು. ಇನ್ನು ಉಳಿದದ್ದು ನಾಲ್ಕೇ ರೆಕ್ಕೆ. ಗಂಟೆ ನಾಲ್ಕೂವರೆ.

“ಹಳೇ ಬುದ್ಧೀನೇ ಹಾಕಿ ನೋಡಮ್ಮ” ಎಂದರು ಯಜಮಾನರು.

“ಹಳೇದು ಹೋದ ವಾರ ಹಾರಿತ್ತಲ್ಲ ತಾತ. ಈಗ ಹೊಸದಾಗಿ ಹಾಕಿರೋದು ನನ್ನ ಜರಡಿ ಒಂದೇ. ತಪ್ಪು ಇನ್ನೆಲ್ಲಿರತ್ತೆ?” ಹೇಳುವಾಗ ಅವಳ ದನಿ ಒಡೆಯಿತು. “ಅವ್ನು ಹೇಳಿದ್ದೇ ಸರಿ. ಗಾಳೀಲಿ ನಿಲ್ಲಲ್ಲ ಇದು.”

ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಕಣ್ಣೀರು ಗೆರೆ ಕೊರೆದಿತ್ತು. ನನಗೂ ಸಂಕಟವಾಯಿತು. ಆಗಲೂ, ದೇವರಾಣೆ, ನನ್ನ ಮೇಲೆ ನನಗೆ ಒಂದು ಚೂರೂ ಅನುಮಾನ ಬಂದಿರಲಿಲ್ಲ. ಮೋಟರನ್ನಂತೂ ನಾನು ಸರಿಮಾಡಿಕೊಟ್ಟೆ, ಜರಡಿಯದೇ ಏನೋ ತೊಂದರೆ ಎಂದುಕೊಂಡೆ. ಸಂಕಟವಾದಾಗ ನನಗೆ ಗುಡಿಸುವ ಅಭ್ಯಾಸ. ಪೊರಕೆ ತಗೊಂಡು ಬಲೆಯಾಚೆ ಹೋಗಿ ರೆಕ್ಕೆಯ ಚೂರುಗಳನ್ನು ಗುಡಿಸಿ ಮೊರಕ್ಕೆ ತುಂಬಿದೆ.

ಮೊರದಲ್ಲಿ ಏನಿದ್ದರೂ ಆರಿಸುವುದು ಕೈಯ ಗುಣ. ನನಗೆ ತಿಳಿಯದೆಯೇ ಬೆರಳು ಚೂರುಗಳನ್ನು ಬೇರೆ ಬೇರೆ ಮಾಡುತ್ತಿತ್ತು. ಒಂದು ರಾಶಿ ಇತ್ತ, ಒಂದು ರಾಶಿ ಅತ್ತ. ಯಾಕೆ ಎರಡು ರಾಶಿ ಮಾಡುತ್ತಿದ್ದೇನೆ ಎಂದು ನೋಡಿದೆ. ಒಂದು ರಾಶಿಯ ರೆಕ್ಕೆ ಬಲಕ್ಕೆ ವಾಲಿಕೊಂಡಿದೆ. ಇನ್ನೊಂದು ರಾಶಿಯದು ಎಡಕ್ಕೆ. ಒಂದರ ಪಕ್ಕ ಒಂದಿಟ್ಟೆ. ಒಂದು ಇನ್ನೊಂದರ ಕನ್ನಡಿ ಬಿಂಬ. ಎಡಕ್ಕೆ ವಾಲಿದ ರೆಕ್ಕೆ ಎಡಸುತ್ತು ತಿರುಗಿದರೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಬಲಸುತ್ತು ತಿರುಗಿದರೆ? ಮೇಲಕ್ಕೆ. ಎಂದರೆ ಎರಡು ರೆಕ್ಕೆ ಡ್ರೋನನ್ನು ಎತ್ತುವಾಗ ಇನ್ನೆರಡು ಅದನ್ನು ನೆಲಕ್ಕೆ ಅದುಮುತ್ತಿದ್ದವು. ಎರಡು ಮೋಟರು ಎಡಕ್ಕೆ ತಿರುಗುವಂತೆ ಮಾಡಿದವರು ಬೇಕೆಂದೇ ಮಾಡಿದ್ದರು.

ಅಯ್ಯೋ ನನ್ನಪ್ಪ.

ಮೊರ ಕೆಳಗಿಟ್ಟೆ. ಅತ್ತ ಮೊಮ್ಮಗಳು ಟಕಟಕ ಟೈಪು ಮಾಡುತ್ತಿದ್ದಾಳೆ.

“ಏನ್ ಬರೀತಿದೀಯಾ ಪುಟ್ಟಿ?”

“ನಂದನ್ನ ತೆಗೆದ್ಬಿಡಿ ಅಂತ. ಸುಮ್ನೆ ಅವ್ರನ್ನ ಆರು ಗಂಟೆವರ್ಗೂ ಯಾಕೆ ಕಾಯಿಸ್ಬೇಕು.”

ನಾನು ಒಳ್ಳೆಯವಳಾಗಿದ್ದರೆ ಆ ಕ್ಷಣವೇ ಒಪ್ಪಿಕೊಳ್ಳಬೇಕಿತ್ತು. ಆದರೆ ನನ್ನ ತಲೆಗೆ ಮೊದಲು ಬಂದದ್ದು, ಇವಳನ್ನು ಎರಡು ನಿಮಿಷ ಮೇಲೆ ಕಳಿಸಿದರೆ ವೈರನ್ನು ಮೊದಲಿನಂತೆ ಮಾಡಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂಬುದು.

“ಪುಟ್ಟಿ, ಮೇಲೆ ಹಾಲು ಉಕ್ತಿದೆ, ಓಡು.”

“ಹಾಲು ಫ್ರಿಜ್ಜಲ್ಲಿದೆ ಅಜ್ಜಿ.”

“ಕುಕ್ಕರ್ ಕೂಗ್ದಂಗಾಯ್ತು.”

“ಒಲೇನೇ ಹಚ್ಚಿಲ್ಲ.”

“ಯಾರೋ ಬೆಲ್ ಮಾಡಿದ್ರು ಕಣೇ!”

“ಹೂಂ, ನಂಗೂ ಕೇಳಿಸ್ತು” ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಮೊಮ್ಮಗಳು ಟೈಪು ನಿಲ್ಲಿಸಿದಳು. “ತಾತಂಗೆ ಬೆಲ್ ಕೇಳಿಸ್ತಾ? ಪಕ್ಕದಲ್ಲಿ ಪಟಾಕಿ ಹೊಡೆದ್ರೆ ತಿರುಗ್ ನೋಡದೋರು?” ಎಂದು ಇಬ್ಬರನ್ನೂ ನೋಡಿ, ಮತ್ತೆ ಪರದೆಯ ಕಡೆ ತಿರುಗಿದಳು. ಬೆರಳು ಮೇಲಕ್ಕೆತ್ತಿದಳು. ಅದು ಕಳಿಸುವ ಬೆರಳು ಎಂದು ನನಗೂ ಗೊತ್ತು, ನಾನೂ ವಾಟ್ಸಾಪು ಮಾಡುತ್ತೇನೆ.

“ಕಳಿಸ್ಬೇಡ!” ಎಂದು ಕೂಗಿದೆ. “ನಿನ್ ಜರಡಿ ಸರಿಯಾಗಿದೆ. ವೈರು ಬದಲಾಯಿಸ್ದೋಳು ನಾನು.”

ಅವಳ ಬೆರಳು ಒತ್ತದೆ ಹಿಂದಕ್ಕೆ ಬಂತು.

“ಯಾವ ವೈರು?”

“ಎರಡು ಮೋಟರು ಅಪ್ರದಕ್ಷಿಣೆ ತಿರುಗ್ತಿತ್ತು. ಮಿಲ್ಲಲ್ಲಿ ಮಾಡ್ತಿದ್ದಂಗೆ ಎರಡೆರಡು ವೈರು ಅದಲುಬದಲು ಮಾಡಿ ಪ್ರದಕ್ಷಿಣೆಗೆ ತಿರುಗಿಸ್ದೆ. ಬೆಳಿಗ್ಗೆ. ನೀನು ಮಲಗಿದ್ದಾಗ.”

ಅವಳು ಎದ್ದು ಬಂದು ಡ್ರೋನನ್ನು ಎತ್ತಿ ವೈರು ನೋಡಿದಳು. ಮೋಟರನ್ನು ನೋಡಿದಳು. ಕುಂಕುಮವನ್ನು ನೋಡಿದಳು. ಅವಳ ಮೂಗು ಕೆಂಪಾಯಿತು. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಬೈದಳು ಕೂಡ. “ಅಜ್ಜೀ, ಬ್ಯಾಟರಿ ಹಾಕಿದ್ದು ರೆಕ್ಕೆ ಇದ್ದಿದ್ರೆ ಬೆರಳು ಹೋಗಿರೋದು! ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಬ್ಯಾಟರಿ ಇಲ್ಲ ಅಂತ ನೋಡ್ಕೊಂಡೇ ಮುಟ್ಟಿದ್ದು. ನನ್ನೇನು ಅಡ್ನಾಡಿ ಅನ್ಕೊಂಡ್ಯಾ?”

ಅಷ್ಟು ಹೇಳಿದ್ದೇ ತಡ, ಎಲ್ಲಿತ್ತೋ ನಗು, ಅವಳು ಬೀಸುವ ಕಲ್ಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಬಿಕ್ಕಿದಳು. “ಸರಿಯಾಗ್ ಮಾಡಿದಾರೆ ತಾತ! ಒಂದು ಪಿನ್ನೂ ಸಡಿಲ ಇಲ್ಲ! ತಪ್ಪನ್ನ ಇಷ್ಟು ನೀಟಾಗ್ ಮಾಡಿರೋದು ನಾನು ನೋಡೇ ಇಲ್ಲ!”

“ನಾನು ಬೆಳಿಗ್ಗೇನೇ ಅನ್ಕೊಂಡೆ” ಎಂದರು ಯಜಮಾನರು. “ಬರೀ ಸೆರಗಲ್ಲಿ ಅಷ್ಟೊತ್ತು ಧೂಳು ಒರೆಸೋ ಹೆಂಗಸಲ್ಲ ಇವ್ಳು.”

“ಗೊತ್ತಿದ್ದೂ ಬೆಲ್ ಕೇಳಿಸ್ತು ಅಂದ್ರಾ?”

“ಕಟ್ಕೊಂಡೋಳಲ್ವೇನಮ್ಮ.”

ಆದರೂ ನನ್ನ ಮನಸ್ಸು ಒಪ್ಪಿರಲಿಲ್ಲ. ಎರಡು ಎಡಕ್ಕೆ ಯಾಕೆ ತಿರುಗಬೇಕು? ಎಲ್ಲಕ್ಕೂ ಬಲದ ರೆಕ್ಕೆಯನ್ನೇ ಹಾಕಿ ಬಲಕ್ಕೇ ತಿರುಗಿಸಿದರೆ ಏನು ಕಷ್ಟ? ಕೇಳಿದೆ. ಗಂಟೆ ಐದಾಗಿತ್ತು, ಅವಳು ಆಮೇಲೆ ಹೇಳುತ್ತೇನೆ ಎನ್ನಬಹುದಿತ್ತು. ಹಾಗೆನ್ನದೆ ತನ್ನ ತಿರುಗುವ ಕುರ್ಚಿಯನ್ನು ನಡುವೆ ಎಳೆದು ನನ್ನನ್ನು ಕೂರಿಸಿದಳು.

“ಕಾಲು ಮೇಲೆತ್ಕೊಳಿ. ಎರಡೂ ಕೈ ಚಾಚಿ. ಈಗ ಜೋರಾಗಿ ಬಲಕ್ಕೆ ಬೀಸಿ.”

ಬೀಸಿದೆ. ನಾನು ಬಲಕ್ಕೆ ಕೈ ಬೀಸಿದರೆ ಕುರ್ಚಿ ನನ್ನನ್ನು ಎಡಕ್ಕೆ ತಿರುಗಿಸಿತು!

“ನೋಡಿದ್ರಾ? ನಾಲ್ಕೂ ಮೋಟರು ಬಲಕ್ಕೇ ತಿರುಗಿದ್ರೆ ಡ್ರೋನಿನ ಮೈ ಎಡಕ್ಕೆ ಬುಗುರಿ ಥರ ಸುತ್ತತ್ತೆ. ಗಾಳೀಲಿ ಹಿಡ್ಕೊಳಕ್ಕೆ ನೆಲ ಇಲ್ವಲ್ಲ. ಅದಕ್ಕೇ ಎರಡು ಆ ಕಡೆ, ಎರಡು ಈ ಕಡೆ. ಒಂದು ಎಳೆದದ್ದನ್ನ ಇನ್ನೊಂದು ತಡೀಬೇಕು.”

ನೆಲ ಕಚ್ಚಿಕೊಂಡಿರದಿದ್ದರೆ ನಮ್ಮ ಮಿಲ್ಲಿನ ಮೋಟರೂ ಹೀಗೇ ಸುತ್ತುತ್ತಿತ್ತು ಎಂದು ಆಗ ಹೊಳೆಯಿತು. ಅದಕ್ಕೇ ಅಲ್ಲವೇ ಅದನ್ನು ನಾಲ್ಕು ದಪ್ಪ ಬೋಲ್ಟು ಹಾಕಿ ಗಾರೆಗೆ ಬಿಗಿದಿದ್ದದ್ದು! ಇಷ್ಟು ಕಾಲ ಅದರ ಪಕ್ಕವೇ ನಿಂತಿದ್ದವಳಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಆ ಖುಷಿಗೆ ಇನ್ನೊಮ್ಮೆ ಕೈ ಬೀಸಿದೆ. ಮತ್ತೊಮ್ಮೆ ಬೀಸಿದೆ.

“ನಂಗೂ ಒಂದ್ಸಲ ಬಿಡೇ” ಎಂದರು ಯಜಮಾನರು.

“ತಾತ, ಟೈಮಿಲ್ಲ!”

“ನಿಮ್ಮಜ್ಜಿಗಿತ್ತಾ?”

ಅವರೂ ಎರಡು ಸುತ್ತು ತಿರುಗಿದ ಮೇಲೆಯೇ ಕುರ್ಚಿ ಬಿಟ್ಟದ್ದು.

ವೈರನ್ನು ನಾನೇ ಮೊದಲಿನಂತೆ ಮಾಡಬೇಕು ಎಂದಳು. ಅವಳು ಮೊಬೈಲಿನ ಬೆಳಕು ಹಿಡಿದಳು, ನಾನು ಪಿನ್ನು ಎಳೆದೆ, ಕೂರಿಸಿದೆ. ಟೇಪು ಅಂಟಿಸಿ ನಾಲ್ಕನ್ನೂ ಮತ್ತೆ ತಿರುಗಿಸಿ ನೋಡಿದೆವು. ಕೊನೆಯ ನಾಲ್ಕು ರೆಕ್ಕೆಯನ್ನು ಅವಳೇ ಹಾಕಿದಳು. ಇದು ಮುರಿದರೆ ಬೇರೆ ಇಲ್ಲ, ಇಂಥ ಸಾಮಾನು ಮಾರುವ ಎಸ್.ಪಿ. ರೋಡಿಗೆ ಓಡೋಣವೆಂದರೆ ಭಾನುವಾರ, ಅಂಗಡಿ ತೆಗೆದಿರುವುದಿಲ್ಲ. ಐದೂ ಇಪ್ಪತ್ತೈದು. ಪಟ್ಟಿಯನ್ನು ನಾನು ಒಂದಕ್ಷರವೂ ಸೇರಿಸದೆ ಓದಿದೆ.

ಕಡ್ಡಿ ತಳ್ಳಿದಳು. ಗುಂಯ್ ಎಂಬ ಸದ್ದು ಏರಿತು. ನಾನು ಯಜಮಾನರ ತೋಳು ಹಿಡಿದುಕೊಂಡೆ. ಡ್ರೋನು ಒಮ್ಮೆ ಮೈ ಕೊಡವಿ, ನೆಲ ಬಿಟ್ಟು, ಗೇಣು ಎದ್ದಿತು. ಮೊಳ ಎದ್ದಿತು. ಅಲ್ಲೇ ನಿಂತಿತು. ಹುರಿ ಸಡಿಲವಾಗಿ ಕೆಳಗೆ ತೂಗುತ್ತಿತ್ತು, ಎಳೆದು ಹಿಡಿಯುವ ಅಗತ್ಯವೇ ಇರಲಿಲ್ಲ ಅದಕ್ಕೆ. ಉಳಿದಿದ್ದ ಹಿಟ್ಟು ಅದರ ಸುತ್ತ ಬಿಸಿಲಿನಲ್ಲಿ ಸುತ್ತುತ್ತಿತ್ತು. ಡ್ರೋನು ಮಾತ್ರ ಗೋಡೆಗೆ ಹಾಕಿದ ಮೊಳೆಯ ಹಾಗೆ ಕದಲಲಿಲ್ಲ.

“ಅಜ್ಜಿ, ಅಲ್ಲಿ ಗಳ ಇದೆಯಲ್ಲ, ಬಲೆ ಸಂದಿಂದ ಅದ್ರ ಒಂದು ಕೈನ ಮೆಲ್ಲಗೆ ತಳ್ಳಿ.”

“ಬಿದ್ರೆ?”

“ತಳ್ಳಿ.”

ಬಟ್ಟೆ ಒಣಹಾಕುವ ಗಳದಿಂದ ತಳ್ಳಿದೆ. ವಾಲಿತು. ಮರುಕ್ಷಣವೇ ಏನೂ ಆಗದಂತೆ ನೆಟ್ಟಗೆ ನಿಂತಿತು. ಇನ್ನೊಂದು ಕೈ ತಳ್ಳಿದೆ. ನಿಂತಿತು. ಸ್ವಲ್ಪ ಜೋರಾಗಿ ಚುಚ್ಚಿದೆ. ಆಗಲೂ ನಿಂತಿತು!

“ಸಾಕು ಅಜ್ಜೀ, ಪರೀಕ್ಷೆ ಮುಗೀತು!”

ನಾನು ಇನ್ನೆರಡು ಸಲ ಚುಚ್ಚಿಯೇ ಬಿಟ್ಟೆ. ಅದು ಪ್ರತಿಸಲವೂ ಸೆಟೆದು ನಿಲ್ಲುವುದನ್ನು ನೋಡಿದರೆ ಯಾರಿಗೆ ತಾನೇ ಬಿಡಲು ಮನಸ್ಸಾಗುತ್ತದೆ?

ಇಳಿಸಿದ ಕೂಡಲೇ ದಾಖಲೆ ಕಳಿಸಲು ಕೂತಳು. ಒಟ್ಟು ಮೂರು ಕಳಿಸುತ್ತಿದ್ದಾಳೆ, ಬಿದ್ದ ಎರಡೂ ಸೇರಿ. “ಅದ್ಯಾಕೇ? ಮಾನ ಹೋಗತ್ತೆ” ಎಂದೆ. “ಬಿದ್ದಿದ್ದನ್ನೂ ಕಳಿಸ್ಬೇಕು ಅಜ್ಜಿ, ಬರೀ ಎದ್ದಿದ್ದನ್ನ ಕಳಿಸಿದ್ರೆ ಅದು ಪರೀಕ್ಷೆ ಅಲ್ಲ” ಎಂದಳು. ಆರಕ್ಕೆ ಹತ್ತು ನಿಮಿಷವಿತ್ತು. ಬೆರಳು ಒತ್ತಿತು.

ಸೋಮವಾರ ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದೇ ಲ್ಯಾಪ್‌ಟಾಪು ತೆರೆದಳು. ಉತ್ತರ ಬರೆದವನು ಗೊಣಗಪ್ಪನೇ. ಅವಳು ಓದಿ ಓದಿ ಕನ್ನಡದಲ್ಲಿ ಹೇಳಿದಳು. ಮೂರನೇ ದಾಖಲೆ ನೋಡಿದೆ, ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಿರೀಕ್ಷಿಸಿರಲಿಲ್ಲ. ಆದರೆ ಮೊದಲ ಎರಡರಲ್ಲಿ ಏನಾಗಿತ್ತು, ತಪ್ಪನ್ನು ಕಂಡುಹಿಡಿದವರು ಯಾರು ಎಂದು ಕೇಳಿದ್ದ. ‘ವೈರು ಬದಲಾಗಿತ್ತು, ಕಂಡುಹಿಡಿದವರು ನಮ್ಮಜ್ಜಿ’ ಎಂದು ಬರೆದಳು. ಇಷ್ಟಕ್ಕೇ ನಿಲ್ಲಿಸೇ ಎಂದು ನಾನು ಅವಳ ಕೈ ಹಿಡಿದೆ. ಐದು ನಿಮಿಷದಲ್ಲಿ ಅವನ ಮರುಪ್ರಶ್ನೆ ಬಂತು: ವೈರು ಬದಲಾಯಿಸಿದವರು ಯಾರು? ‘ಅವರೇ’ ಎಂದು ಬರೆದಳು, ಪಾಪಿ.

ಅದಕ್ಕೆ ಅವನು ಒಂದು ಸಾಲು ಬರೀ ನಗುವಿನ ಮುಖ ಕಳಿಸಿದ. ಅದರ ಕೆಳಗೆ ಒಂದೇ ಮಾತು. ಅವಳು ಅದನ್ನು ಓದಿ ಲೋಟ ಕೆಳಗಿಟ್ಟಳು. “ಸೇರಿಸ್ಕೊಂಡ್ರು ಅಜ್ಜಿ. ನನ್ನ ಜರಡಿ ಸೇರಿಸ್ಕೊಂಡ್ರು.”

ನಾನು ಹೇಗೆ ಮೆಟ್ಟಿಲಿಳಿದೆನೋ ಗೊತ್ತಿಲ್ಲ. ಮಂಡಿ ನೋವು ಅನ್ನುವುದು ಯಾರದೋ ಮನೆಯ ವಿಷಯವಾಗಿತ್ತು. ಬೀದಿಯಲ್ಲಿ ಸೊಪ್ಪಿನ ಗಾಡಿಯವಳು ನಿಂತಿದ್ದಳು.

“ಒಪ್ಕೊಂಡ್ರು ಕಣಮ್ಮ, ಒಪ್ಕೊಂಡ್ರು!” ಎಂದು ಅವಳ ಎರಡೂ ಕೈ ಹಿಡಿದುಕೊಂಡೆ.

“ಒಳ್ಳೇದಾಯ್ತು ಬಿಡಿ ಅಮ್ಮ! ಗಂಡು ಯಾವ ಊರಿಂದು?”

“ಗಂಡಲ್ಲ, ಜರಡಿ! ನಮ್ಮುಡುಗಿ ಜರಡೀನ ಒಪ್ಕೊಂಡ್ರು!”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಜರಡಿ ಬ್ಯಾಡ ಅಂದೋರು ಯಾರಮ್ಮ?”

“ಇದ್ದ ಒಬ್ಬ. ನಿಲ್ಲು, ಮೊದಲಿಂದ ಹೇಳ್ತೀನಿ” ಎಂದು ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲೇರಿ ಅವಳ ದಂಟಿನ ಸೊಪ್ಪೆಲ್ಲ ಬಾಡಿತು. ಬಾಡಿದ್ದನ್ನು ಅಷ್ಟನ್ನೂ ನಾನೇ ಕೊಂಡೆ. ಮೂರು ದಿನ ಮನೆಯಲ್ಲಿ ದಂಟಿನ ಸೊಪ್ಪಿನ ಹುಳಿ. ಯಾರೂ ತುಟಿ ಪಿಟಕ್ಕೆನ್ನದೆ ತಿಂದರು.